‘ಮೊದ್ಲ ರಾಡ್ ನೋಡೋ’

ನನ್ನ ಪೋಲೋ ಕಾರಿನ ಎತ್ತರವನ್ನು ಮೊದಲ ಸಲ ಇಳಿಸಿದ್ದು ಬರೀ ಸ್ಪ್ರಿಂಗ್ ಬದಲಿಸಿ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಗಾಡಿಯ ಜೊತೆ ಬಂದದ್ದೇ, ಸ್ಪ್ರಿಂಗ್ ಮಾತ್ರ ಗಿಡ್ಡ. ಬೆಳಗಾವಿಯ ಟಿಳಕವಾಡಿಯಲ್ಲಿ ನಿಲ್ಲಿಸಿದರೆ ಹುಡುಗರು ತಿರುಗಿ ತಿರುಗಿ ನೋಡುತ್ತಿದ್ದರು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಮುಂದಿನ ಎರಡೂ ಡ್ಯಾಂಪರ್ ಎಣ್ಣೆ ಸೋರತೊಡಗಿದವು.

ಆಗ ಕಾರಣ ತಿಳಿಯಲಿಲ್ಲ. ಈಗ ಗೊತ್ತು. ಡ್ಯಾಂಪರ್‌ನ ರಾಡ್ ಒಳಗೆ ಹೋಗಲು ಇರುವ ಜಾಗ ಇಷ್ಟೇ ಎಂದು ಲೆಕ್ಕ ಇರುತ್ತದೆ. ಗಾಡಿ 40 ಮಿಲಿಮೀಟರ್ ಇಳಿಸಿದರೆ ಆ ಜಾಗದಲ್ಲಿ ಅಷ್ಟನ್ನು ನಾವೇ ತಿಂದು ಹಾಕಿದ ಹಾಗೆ. ಉಳಿದ ಚೂರು ಜಾಗದಲ್ಲಿ ಪ್ರತಿ ಗುಂಡಿಗೂ ಬಂಪ್ ಸ್ಟಾಪ್‌ಗೆ, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರಿಗೆ, ಹೊಡೆತ.

ಎರಡನೇ ಸಲ ಅಗ್ಗದ ಕಾಯಿಲ್‌ಓವರ್ ಸೆಟ್ ತರಿಸಿದೆ. ಡ್ಯಾಂಪರ್ ಸುತ್ತಲೇ ಸ್ಪ್ರಿಂಗ್, ಥ್ರೆಡ್ ಮೇಲಿನ ರಿಂಗ್ ತಿರುಗಿಸಿ ಎತ್ತರ ಬದಲಿಸುವಂಥದ್ದು. ಮೋನೋಟ್ಯೂಬ್ (ಒಂದೇ ಕೊಳವೆಯ ಡ್ಯಾಂಪರ್), ಮೇಲೆ ಬಿಗಿತ ಬದಲಿಸಲು ತಿರುಗಿಸುವ ನಾಬ್, ಮುಂದೆ 8 ಕೆಜಿ ಸ್ಪ್ರಿಂಗ್, ಅಂದರೆ ಒಂದು ಮಿಲಿಮೀಟರ್ ಅದುಮಲು 8 ಕೆಜಿ ಭಾರ ಬೇಕು. ಪೋಲೋದಂಥ ಹಗುರ ಗಾಡಿಗೆ ಅದು ಕಲ್ಲು. ಉಬ್ಬು ಬಂದರೆ ಚಕ್ರ ರಸ್ತೆ ಬಿಟ್ಟು ಜಿಗಿಯುತ್ತಿತ್ತು. ಮೇಲ್ಗಡೆ ರಬ್ಬರ್ ಬದಲು ಪಿಲ್ಲೋ ಬಾಲ್ ಮೌಂಟ್, ಅಂದರೆ ಲೋಹದ ಗುಂಡಿನ ಕೀಲು. ಅದರೊಳಗೆ ಧೂಳು ಹೊಕ್ಕು ಆರು ತಿಂಗಳಿಗೇ ಟಕ್ ಟಕ್ ಸದ್ದು. ಪಕ್ಕ ಕೂತ ಹೆಂಡತಿ ಏನೂ ಅನ್ನಲಿಲ್ಲ, ಸುಮ್ನೆ ಆಡಿಯೋ ಜೋರು ಮಾಡಿದಳು. ಎತ್ತರ ಬದಲಿಸೋಣ ಅಂದರೆ ಖಾನಾಪುರ ಕಡೆಯ ಕೆಂಪು ಕೆಸರು ಥ್ರೆಡ್‌ನಲ್ಲಿ ಕೂತು, ತುಕ್ಕು ಹಿಡಿದು, ರಿಂಗ್ ಅಲ್ಲಾಡಲಿಲ್ಲ. ಕೊನೆಗೆ ಉಳಿಯಿಂದ ಹೊಡೆಯಬೇಕಾಯಿತು.

ಈ ಸೆಟ್ಟೂ ಎಣ್ಣೆ ಸೋರಿತು. ಸೋರಿದ ಒಂದನ್ನು ಚೀಲದಲ್ಲಿ ಹಾಕಿಕೊಂಡು ಉದ್ಯಮಬಾಗಕ್ಕೆ ಹೋದೆ. ನಮ್ಮ ಬೆಳಗಾವಿಗೆ ಇದೊಂದು ಅನುಕೂಲ. ಫೌಂಡ್ರಿ, ಲೇಥು, ಹೈಡ್ರಾಲಿಕ್ಸ್ ಕೆಲಸ ಬಲ್ಲ ಮಂದಿ ಓಣಿ ಓಣಿಗೆ ಸಿಗುತ್ತಾರೆ. ನನ್ನ ಗೆಳೆಯನೊಬ್ಬ ಹೈಡ್ರಾಲಿಕ್ ಸಿಲಿಂಡರ್ ರಿಪೇರಿ ಮಾಡುತ್ತಾನೆ. ಕಾರಿನ ಗೀಳು ಅವನಿಗಿಲ್ಲ. ಸ್ಪ್ರಿಂಗಿನ ಬಣ್ಣ, ನಾಬ್ ಯಾವುದನ್ನೂ ನೋಡಲಿಲ್ಲ. "ಮೊದ್ಲ ರಾಡ್ ನೋಡೋ, ಉಳಿದದ್ದು ಆಮ್ಯಾಲ" ಎಂದು ಉಗುರಿನಿಂದ ರಾಡ್ ಮೇಲೆ ಗೀರಿ ತೋರಿಸಿದ. ಕ್ರೋಮ್ ಲೇಪ ತೆಳು. ಸೂಜಿ ಮೊನೆಯಷ್ಟು ತುಕ್ಕಿನ ಚುಕ್ಕೆಗಳು. ರಾಡ್ ಒಳಗೆ ಹೊರಗೆ ಓಡಾಡಿದಂತೆಲ್ಲ ಆ ಚುಕ್ಕೆಗಳು ಎಣ್ಣೆ ತಡೆಯುವ ಸೀಲಿನ ತುಟಿಯನ್ನು ಅರದಂತೆ ಉಜ್ಜಿದ್ದವು. ಹೊಸ ಸೀಲ್ ಹಾಕಿಕೊಡು ಅಂದೆ. ಈ ರಾಡ್ ಇರೋತನಕ ಎಷ್ಟು ಸೀಲ್ ಹಾಕಿದರೂ ಅಷ್ಟೇ ಅಂದ.

ಮೂರನೇ ಸಲ ನಾನು ಹುಡುಕಿದ ರೀತಿಯೇ ಬೇರೆ. ಎಷ್ಟು ಇಳಿಯುತ್ತದೆ ಅನ್ನುವುದನ್ನು ಬಿಟ್ಟು, ಇಳಿದ ಮೇಲೆ ಎಷ್ಟು ಜಾಗ ಉಳಿಯುತ್ತದೆ ಎಂದು ಕೇಳತೊಡಗಿದೆ. ಮೋನೋಟ್ಯೂಬೇ ಮೇಲು ಎಂದು ಎಲ್ಲರೂ ಹೇಳುತ್ತಾರೆ. ಬಿಸಿ ಬೇಗ ಹೊರಹಾಕುತ್ತದೆ, ನಿಜ, ಟ್ರ್ಯಾಕ್‌ನಲ್ಲಿ ಓಡಿಸುವವರಿಗೆ ಅದು ಬೇಕೇ ಬೇಕು. ಆದರೆ ಅದರಲ್ಲಿ ಪಿಸ್ಟನ್ ಓಡಾಡುವುದು ಹೊರಗಿನ ಕೊಳವೆಯಲ್ಲೇ. ಕಲ್ಲು ಸಿಡಿದು ಆ ಕೊಳವೆ ತಗ್ಗಾದರೆ ಪಿಸ್ಟನ್ ಅಲ್ಲೇ ಕಚ್ಚಿಕೊಳ್ಳಬಹುದು. ಒಳಗೆ ತುಂಬಿದ ಗ್ಯಾಸ್ ಕೂಡ ಅದೇ ಕೊಳವೆಯ ಒಂದಿಷ್ಟು ಉದ್ದ ತಿನ್ನುತ್ತದೆ. ಟ್ವಿನ್ ಟ್ಯೂಬ್‌ನಲ್ಲಿ ಕೊಳವೆಯೊಳಗೆ ಇನ್ನೊಂದು ಕೊಳವೆ. ಹೊರಗಿನದಕ್ಕೆ ಸಣ್ಣ ಪೆಟ್ಟಾದರೂ ಒಳಗೆ ಕೆಲಸ ನಡೆಯುತ್ತಿರುತ್ತದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿಗೆ ಮಳೆಯಲ್ಲಿ ಹೋಗಿಬರುವ ನನಗೆ ಟ್ವಿನ್ ಟ್ಯೂಬೇ ಸಾಕು ಅನ್ನಿಸಿತು.

ನಾನು ನೋಡಿದ ಸೆಟ್‌ಗಳಲ್ಲಿ ಬಿಲ್‌ಸ್ಟೈನ್ ಬಿ14 ಮೋನೋಟ್ಯೂಬ್. ಬಿ.ಸಿ. ರೇಸಿಂಗ್ ಕಂಪನಿಯ ಬಿ.ಆರ್. ಕೂಡ ಮೋನೋಟ್ಯೂಬ್, 30 ಹಂತದ ನಾಬ್ ಬೇರೆ. ಎರಡೂ ಒಳ್ಳೆಯವೇ. ಜರ್ಮನಿಯ ಕೆಡಬ್ಲ್ಯೂ ವೇರಿಯಂಟ್ 1 ಟ್ವಿನ್ ಟ್ಯೂಬ್, ನಾಬ್ ಇಲ್ಲ, ಮೈ ಸ್ಟೇನ್‌ಲೆಸ್ ಸ್ಟೀಲ್. ಅದನ್ನೇ ತೆಗೆದುಕೊಂಡೆ. ನಾಬ್ ಇಲ್ಲ ಅಂದರೆ ಕೆಡುವ ಭಾಗ ಒಂದು ಕಡಿಮೆ, ಅಲ್ವಾ? ಮೇಲೆ ಗಾಡಿಯದ್ದೇ ರಬ್ಬರ್ ಮೌಂಟ್, ಹೊಸದು ಹಾಕಿಸಿದೆ. ಪೋಲೋದ ಹಿಂದೆ ಸ್ಪ್ರಿಂಗ್ ಬೇರೆ, ಡ್ಯಾಂಪರ್ ಬೇರೆ. ಹಾಗಾಗಿ ನಿಜವಾದ ಕಾಯಿಲ್‌ಓವರ್ ಮುಂದೆ ಮಾತ್ರ. ಬೆಲೆ? ಹಿಂದಿನ ಎರಡು ಸಲದ ಖರ್ಚು ಕೂಡಿಸಿದರೂ ಇದರ ಮುಂದೆ ಚಿಲ್ಲರೆ.

ಜೋಡಿಸುವಾಗ ಹಟ ಹಿಡಿದು ಮಾಡಿಸಿದ್ದು ಒಂದೇ. ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ಆರ್ಮ್‌ನ ರಬ್ಬರ್ ಬುಶ್ ಬೋಲ್ಟನ್ನು ಗಾಡಿ ಲಿಫ್ಟ್ ಮೇಲೆ ತೂಗುತ್ತಿರುವಾಗ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಗಾಡಿ ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ಯಾವಾಗಲೂ ಹಾಗೆಯೇ ಇದ್ದು ಹರಿಯುತ್ತದೆ. ಚಕ್ರದ ಮೇಲೆ ಪೂರ್ತಿ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ. ಮೆಕ್ಯಾನಿಕ್ ಗೊಣಗಿದ, ಆದರೂ ಮಾಡಿದ.

ಮುಂದೆ 30 ಮಿಲಿಮೀಟರ್ ಮಾತ್ರ ಇಳಿಸಿದೆ. ಅಷ್ಟಕ್ಕೆ ಕೆಳಗಿನ ಆರ್ಮ್ ಹೆಚ್ಚುಕಡಿಮೆ ನೆಲಕ್ಕೆ ಸಮ ಇರುತ್ತದೆ. ಇನ್ನೂ ಇಳಿಸಿದರೆ ಅದು ಚಕ್ರದ ಕಡೆ ಮೇಲಕ್ಕೆ ಏರಿ, ಗುಂಡಿ ಸಿಕ್ಕಾಗ ಸ್ಟೀರಿಂಗ್ ತಾನೇ ಎಳೆಯತೊಡಗುತ್ತದೆ. ಸ್ಪ್ರಿಂಗ್ ಕೂರಲಿ ಎಂದು ಎರಡು ವಾರ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದೆ. ಹಿಂದೆ ಇದನ್ನು ಮಾಡದೆ ಎರಡು ಟೈರಿನ ಒಳಬದಿ ಸವೆಸಿಕೊಂಡಿದ್ದೆ.

ಆಮೇಲೆ ಕೇಬಲ್ ಟೈ. ಧೂಳಿನ ಕವಚ ಎತ್ತಿ ರಾಡ್‌ಗೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ ಡ್ಯಾಂಪರ್‌ನ ತುದಿಗೆ ತಾಗಿಸಿಟ್ಟೆ. ರಾಡ್ ಒಳಹೋದಷ್ಟೂ ಅದು ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ಚೋರ್ಲಾವರೆಗೆ ನಾಲ್ಕು ಜನ ಹೋಗಿ ಬಂದು ನೋಡಿದರೆ ಬಂಪ್ ಸ್ಟಾಪ್‌ವರೆಗೆ ಇನ್ನೂ ಒಂದು ಬೆರಳು ಜಾಗ ಉಳಿದಿತ್ತು. ನಿಯಮದ ಪ್ರಕಾರ ರೋಡ್ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮೂರ ಓಣಿಯವರು ತಾವೇ ಹಾಕಿಕೊಂಡ ದಿಬ್ಬಗಳಿಗೆ ಆ ಲೆಕ್ಕ ಯಾರು ಹೇಳಬೇಕು? ಅವನ್ನು ಈಗಲೂ ಓರೆಯಾಗಿಯೇ ದಾಟುತ್ತೇನೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಅದಕ್ಕೇ ಎರಡನೇ ಸೆಟ್ ಬಿಚ್ಚಿದಾಗಲೇ ಮೂಲ ಅಳತೆಯ ಡ್ಯಾಂಪರ್, ಸ್ಪ್ರಿಂಗ್ ಒಂದು ಸೆಟ್ ಕೊಂಡು ಅಟ್ಟದ ಮೇಲೆ ಗೋಣಿಚೀಲದಲ್ಲಿ ಇಟ್ಟಿದ್ದೇನೆ. ಗಾಡಿ ಮಾರುವಾಗಲೂ ಬೇಕಾಗುತ್ತದೆ.

ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಚಕ್ರ ಬಿಚ್ಚಿ, ಥ್ರೆಡ್‌ನ ಕೆಸರನ್ನು ನೈಲಾನ್ ಬ್ರಷ್‌ನಿಂದ ತೊಳೆಯುತ್ತೇನೆ. ಹರಿದ ಕವಚವಿದ್ದರೆ ಅವತ್ತೇ ಬದಲು. ನಾಲ್ಕನೇ ವರ್ಷ ಗೆಳೆಯನನ್ನು ಕರೆದು ತೋರಿಸಿದೆ. ಕೂತು ರಾಡ್ ಮೇಲೆ ಉಗುರು ಗೀರಿದ. ಬಟ್ಟೆಯಿಂದ ಒರೆಸಿದ, ಎಣ್ಣೆ ಹತ್ತಲಿಲ್ಲ. "ಚಹಾ ಹೇಳು" ಅಂದ.