ಸ್ಪಿನೆಟ್ ಪಿಯಾನೋಗೆ 88 ಹೊಸ ಎಲ್ಬೋ: ನನ್ನ ಅನುಭವ

"ಇದು ರಿಪೇರಿಯಾಗುವ ಕೇಸಲ್ಲ, ಕೊಟ್ಟುಬಿಡಿ" ಎಂದು ಮಂಗಳೂರಿನಿಂದ ಬಂದ ಟ್ಯೂನರ್ ಹೇಳಿ ಹೋಗಿದ್ದರು. ಕಾಸರಗೋಡಿನ ಬದಿಯಡ್ಕದ ಹತ್ತಿರ, ಬೇಳ ಇಗರ್ಜಿಯ ಆಚೆಗೆ ಒಬ್ಬ ನಿವೃತ್ತ ಟೀಚರ್ ಮನೆ. 1950ರ ಆಸುಪಾಸಿನ ಅಮೆರಿಕದ ಸ್ಪಿನೆಟ್, ಅಂದರೆ ಆಕ್ಷನ್ (ತಂತಿಗೆ ಬಡಿಯುವ ಹ್ಯಾಮರ್‌ಗಳ ಯಂತ್ರ) ಕೀಗಳಿಗಿಂತ ಕೆಳಗಿರುವ ಗಿಡ್ಡ ಪಿಯಾನೋ. ನಾನು ಒಪ್ಪಿಕೊಂಡೆ ಎಂದಾಗ ಯಕ್ಷಗಾನದ ಗೆಳೆಯರೇ ನಕ್ಕರು. "ಹಾರ್ಮೋನಿಯಂ ಬಿಚ್ಚುವವನಿಗೆ ಪಿಯಾನೋ ಯಾಕೆ ಮಾರಾಯ?"

ಎಲ್ಬೋ ಎಂದರೆ ಕೀಯಿಂದ ಇಳಿದ ವೈರನ್ನು ಕೆಳಗಿನ ಆಕ್ಷನ್‌ಗೆ ಸೇರಿಸುವ ಸಣ್ಣ ಕೊಂಡಿ, ಕೀಗೆ ಒಂದರಂತೆ 88. ಆ ಕಾಲದ ಪ್ಲಾಸ್ಟಿಕ್ ಎಲ್ಬೋ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಹಪ್ಪಳ. ನಾನು ಹೋದಾಗ ಮೂವತ್ತು ಚಿಲ್ಲರೆ ಮುರಿದಿದ್ದವು, ಆಕ್ಷನ್ ಹೊರಗೆ ತೆಗೆಯುವಷ್ಟರಲ್ಲಿ ಇನ್ನೊಂದು ಡಜನ್ ಹೋಯಿತು. ಫೆವಿಕ್ವಿಕ್ ಹಾಕಿದ್ದು ಎರಡು ದಿನ ಬಂತು.

ಅಮೆರಿಕದಲ್ಲಿ ರೆಡಿ ಸೆಟ್ ಸಿಗುತ್ತದೆ. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿಸಿದರೆ ಆಗ ನನ್ನ ಲೆಕ್ಕದಲ್ಲಿ ಹದಿನೈದು ಸಾವಿರದ ಹತ್ತಿರ. ಟೀಚರ್ ಕೈಯಲ್ಲಿ ಇದ್ದದ್ದು ಎಂಟು.

ಮೊದಲು ಕಾಸರಗೋಡಿನಲ್ಲಿ ಒಬ್ಬ ಹುಡುಗನಿಂದ ತ್ರೀಡಿ ಪ್ರಿಂಟ್ ಮಾಡಿಸಿದೆ, ಪ್ರಿಂಟರಿನ ಮಾಮೂಲಿ ಪ್ಲಾಸ್ಟಿಕ್ ಆದ ಪಿಎಲ್‌ಎಯಲ್ಲಿ. ನೋಡಲು ಚಂದ. ವಾರದಲ್ಲಿ ವೈರ್ ಹಿಡಿದ ತೂತು ಸಡಿಲವಾಯಿತು. ಮಿಕ್ಕ ಒಂದನ್ನು ಮೇ ತಿಂಗಳ ಬಿಸಿಲಿಗೆ ಕಾರಿನೊಳಗೆ ಬಿಟ್ಟಿದ್ದೆ. ಬಾಳೆಕಾಯಿಯ ಹಾಗೆ ಬಗ್ಗಿತ್ತು.

ಆಮೇಲೆ ನೈಲಾನ್. 88ನ್ನೂ ಕೊರೆದು ಹಾಕಿದೆ, ಟೀಚರ್ ಖುಷಿಯಾಗಿ ಅಡ್ವಾನ್ಸ್ ಕೂಡ ಕೊಟ್ಟರು. ಜೂನ್ ಬಂತು. ನಮ್ಮ ಮಳೆ ಗೊತ್ತಲ್ವಾ? ಹತ್ತೇ ದಿನದಲ್ಲಿ ಒತ್ತಿದ ಕೀ ನಿಧಾನಕ್ಕೆ ಏಳತೊಡಗಿತು. ನೈಲಾನ್ ನೀರು ಕುಡಿದು ಉಬ್ಬುತ್ತದೆ, ಎಲ್ಬೋ ತಿರುಗುವ ಪಿನ್ ಬಿಗಿಯುತ್ತದೆ. ಮೂರು ಸಾವಿರ ರೂಪಾಯಿ ನೀರಲ್ಲಿ ಹೋಮ. ಒಳಗೆ ಬಲ್ಬ್ ಉರಿಸಿ ನೋಡಿದೆ. ಜಿರಲೆಗಳಿಗೆ ಬೆಚ್ಚಗಾಯಿತು ಅಷ್ಟೇ.

ಮಧ್ಯದಲ್ಲಿ ಮರದ ಹುಚ್ಚೂ ಹಿಡಿದಿತ್ತು. ಅಡಿಕೆ ಮರ ಡ್ರಿಲ್ ತಾಗಿದ ಕೂಡಲೇ ನಾರಿನುದ್ದಕ್ಕೆ ಸೀಳುತ್ತದೆ, ಬೇಡವೇ ಬೇಡ. ಚೆಂಡೆಯ ಅಂಗಡಿಯಿಂದ ಹಲಸಿನ ತುಂಡು ತಂದು ಹನ್ನೆರಡು ಮಾಡಿದೆ. ಒಳ್ಳೆಯದೇ ಬಂತು. ಆದರೆ ಒಂದಕ್ಕೆ ಮುಕ್ಕಾಲು ಗಂಟೆ ಕೂತರೆ ಹೊಟ್ಟೆಗೇನು?

ಕೊನೆಗೆ ಕೈ ಹಿಡಿದದ್ದು ಡೆಲ್ರಿನ್. ಯಂತ್ರದ ಗೇರ್ ಮಾಡುವವರು ಬಳಸುವ ಬಿಳಿ ಪ್ಲಾಸ್ಟಿಕ್. ನೀರು ಕುಡಿಯುವುದು ತೀರಾ ಕಡಿಮೆ. ಲೇತ್ ಅಂಗಡಿಯಲ್ಲಿ ಉಳಿಕೆ ತುಂಡುಗಳು ಸುಮಾರು ಆರುನೂರಕ್ಕೆ ಸಿಕ್ಕಿದವು. ಹಳೆಯ ಪ್ಲಾಸ್ಟಿಕ್ಕನ್ನು ಇಕ್ಕಳದಲ್ಲಿ ಪುಡಿ ಮಾಡಿ, ಎಲ್ಬೋ ಸೇರುವ ಮರದ ತುಂಡಾದ ವಿಪ್ಪನ್‌ನಲ್ಲಿ ಪಿನ್ ಹಾಗೇ ಬಿಟ್ಟೆ. ಹೊಸ ಎಲ್ಬೋ ಅದಕ್ಕೆ ಟಕ್ಕೆಂದು ಕೂರಬೇಕು. ಪಿನ್ ಕೂರುವ ಸೀಳು ಕಿರಿದಾದರೆ ಒಡೆಯುತ್ತದೆ, ಅಗಲವಾದರೆ ಜೋರಾಗಿ ನುಡಿಸಿದಾಗ ಹಾರುತ್ತದೆ. ಇಪ್ಪತ್ತು ಹಾಳಾದ ಮೇಲೆ ಅಳತೆ ಸಿಕ್ಕಿತು. ಆ ಅಳತೆಯನ್ನೂ, ಕೂರಿಸುವ ಮುಂಚೆ ನಾನು ಮಾಡುವ ಒಂದು ಸಣ್ಣ ಕೆಲಸವನ್ನೂ ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು, ಬೇಜಾರು ಮಾಡಬೇಡಿ.

ಒಂದು ಮಾತ್ರ ಹೇಳುತ್ತೇನೆ. ಎಲ್ಬೋಯಿಂದ ವೈರ್ ತಿರುಗಿಸಿ ಬಿಚ್ಚುವಾಗ ನಂಬರ್ ಹಾಕಿ, ಎಷ್ಟು ಸುತ್ತು ಬಂತು ಎಂದು ಎಣಿಸಿ ಬರೆದಿಡಿ. ಮೊದಲ ಸಲ ನಾನು ಸುಮ್ನೆ ಬಿಚ್ಚಿದ್ದೆ. ಲಾಸ್ಟ್ ಮೋಷನ್ (ಕೀ ಒತ್ತಿದರೂ ಹ್ಯಾಮರ್ ಕದಲದ ಖಾಲಿ ಓಟ) ಸರಿ ಮಾಡಲು ಮೂರು ಸಂಜೆ ಹೋಯಿತು.

ಈಗ ಎರಡು ಮಳೆಗಾಲ ಕಳೆದಿದೆ, ಒಂದೂ ಬಿಗಿದಿಲ್ಲ. ಅದೇ ಟ್ಯೂನರ್ ಮೊನ್ನೆ ಬಂದು ಕೆಳಗಿನ ಹಲಗೆ ತೆಗೆದು ನೋಡಿದರಂತೆ. "ಯಾವ ದೇಶದಿಂದ ತರಿಸಿದ್ದು?" ಎಂದು ಕೇಳಿದ್ದಕ್ಕೆ ಟೀಚರ್ "ಬದಿಯಡ್ಕದಿಂದ" ಎಂದಿದ್ದಾರೆ. ನನಗೆ ಕೂಲಿ ಉಳಿದದ್ದು ಎರಡು ಸಾವಿರವೂ ಇಲ್ಲ. ಹ್ಯಾಮರ್ ಫೆಲ್ಟನ್ನು ಹುಳ ತಿಂದಿದೆ, ಆ ಕೆಲಸಕ್ಕೆ ರೇಟು ಬೇರೆ ಎಂದು ಈಗಲೇ ಹೇಳಿಟ್ಟಿದ್ದೇನೆ.