ಅಭ್ಯಾಸದ ಲೆಕ್ಕಗಳ ತಾಳೆಯನ್ನು ಮಕ್ಕಳಿಗೇ ಒಪ್ಪಿಸುವ ಬಗೆ

ಧಾರವಾಡ, ಗದಗ, ಹಾವೇರಿ ಕಡೆಯ ಚಿಕ್ಕ ಹಳ್ಳಿಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಎರಡು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವುದು ಹೊಸತಲ್ಲ. ಅವರು ಎಲ್ಲರ ನೋಟ್‌ಬುಕ್ಕುಗಳನ್ನು ತಿದ್ದಿ ಮರುದಿನ ಮರಳಿಸುವಷ್ಟರಲ್ಲಿ, ಆ ಲೆಕ್ಕವನ್ನು ತಾನು ಹೇಗೆ ಮಾಡಿದ್ದೆನೆಂಬುದನ್ನೇ ಮಗು ಮರೆತಿರುತ್ತದೆ. ಆದ್ದರಿಂದ ನಾಲ್ಕು ಮತ್ತು ಐದನೆಯ ತರಗತಿಗಳಲ್ಲಿ ಅಭ್ಯಾಸದ ಲೆಕ್ಕಗಳ ಮಟ್ಟಿಗೆ ತಾಳೆ ನೋಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸುವುದು ಲೇಸು. ಪರೀಕ್ಷೆಗೆ ಈ ಪದ್ಧತಿ ಸಲ್ಲದು.

ಉತ್ತರಪಟ್ಟಿಯನ್ನು ಮೊದಲಿಗೇ ಕೊಡಬಾರದು. ಕಳೆದದ್ದನ್ನು ಕೂಡಿಸಿ, ಭಾಗಿಸಿದ್ದನ್ನು ಗುಣಿಸಿ ಶೇಷ ಸೇರಿಸಿ ತಾಳೆ ನೋಡುವ ಕ್ರಮವನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸಬೇಕು. 503ರಲ್ಲಿ 178ನ್ನು ಕಳೆಯಲು ಹೇಳಿದಾಗ ಒಂದು ಮಗು 335 ಎಂದು ಬರೆಯಿತೆನ್ನಿ. 335ಕ್ಕೆ 178 ಕೂಡಿಸಿದರೆ 513 ಬರುತ್ತದೆ, ಅಂದರೆ ಸರಿಯಾಗಿ ಹತ್ತು ಹೆಚ್ಚು. ನೂರರಿಂದ ಪಡೆದ ಹತ್ತು ದಶಕಗಳಲ್ಲಿ ಒಂದನ್ನು ಬಿಡಿಸ್ಥಾನಕ್ಕೆ ಕೊಟ್ಟ ಮೇಲೆ ಒಂಬತ್ತು ಉಳಿಯಬೇಕಿತ್ತು. ಮಗು ಹತ್ತನ್ನೇ ಇಟ್ಟುಕೊಂಡಿದೆ. ಇನ್ನೊಂದು ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದು 475 ಎಂದು ಬರೆದಿದ್ದರೆ ತಾಳೆ 653ಕ್ಕೆ ಹೋಗುತ್ತದೆ. ಕೆಂಪು ಶಾಯಿಯ ಅಡ್ಡಗೆರೆಗೆ ಎರಡೂ ಬರಿಯ ತಪ್ಪುಗಳೇ. ತಾಳೆ ಮಾತ್ರ ಎರಡನ್ನೂ ಬೇರ್ಪಡಿಸಿ ತೋರಿಸುತ್ತದೆ.

ಬಾಯಿಲೆಕ್ಕದ ಅಂದಾಜನ್ನೂ ರೂಢಿ ಮಾಡಿಸಬೇಕು. ಕಿಲೋಗೆ 28 ರೂಪಾಯಿಯಂತೆ 3 ಕಿಲೋ ಉಳ್ಳಾಗಡ್ಡಿಯ ಬೆಲೆಯನ್ನು 624 ಎಂದು ಬರೆದ ಮಗುವನ್ನು, ಸಂತೆಯಲ್ಲಿ ಅಷ್ಟು ಕೊಡುವೆಯಾ ಎಂದು ಕೇಳಿದರೆ ಸಾಕು. ಮೂವತ್ತರ ಲೆಕ್ಕಕ್ಕೆ ಹಿಡಿದರೂ 90 ದಾಟದೆಂಬುದು ಅದಕ್ಕೇ ಹೊಳೆಯುತ್ತದೆ.

ಇಷ್ಟಾದ ಮೇಲೆ ಉತ್ತರಪಟ್ಟಿ. ಅದನ್ನು ಕೋಣೆಯ ಒಂದು ಮೂಲೆಯ ಮೇಜಿನ ಮೇಲಿಟ್ಟು, ಅಲ್ಲಿಗೆ ಬರುವವರು ಪೆನ್ಸಿಲ್ ಮತ್ತು ರಬ್ಬರನ್ನು ತಮ್ಮ ಜಾಗದಲ್ಲಿಯೇ ಬಿಟ್ಟು ಬರಬೇಕೆಂದೂ, ಮೇಜಿನ ಮೇಲಿರುವ ಹಸಿರು ಪೆನ್ನಿನಿಂದಲೇ ಗುರುತು ಹಾಕಬೇಕೆಂದೂ ನಿಯಮ ಮಾಡಬೇಕು. ಹತ್ತೂ ಲೆಕ್ಕ ಮುಗಿಯುವವರೆಗೆ ಕಾಯದೆ ಮೂರು ಲೆಕ್ಕವಾದೊಡನೆ ಬರಲಿ, ಇಲ್ಲವಾದರೆ ತಪ್ಪು ಕ್ರಮವೇ ಕೈಗೆ ಪಳಗುತ್ತದೆ. ತಪ್ಪಾದುದನ್ನು ಅಳಿಸದೆ ಪಕ್ಕದಲ್ಲಿ ಮತ್ತೆ ಮಾಡಿ, ಕಾರಣವನ್ನು ‘ದಶಕ’, ‘ಮಗ್ಗಿ’, ‘ಪ್ರಶ್ನೆ ಓದಿದ್ದು’ ಎಂದು ಒಂದೆರಡು ಪದಗಳಲ್ಲಿ ಬರೆಯಲಿ.

ನೋಡಿ ಬರೆಯುತ್ತಾರೆಂಬ ಅಂಜಿಕೆ ಸಹಜವೇ. ಆದರೆ ಈ ಲೆಕ್ಕಗಳಿಗೆ ಅಂಕವೇ ಇಲ್ಲವೆಂದು ಮೊದಲೇ ತಿಳಿಸಿದರೆ ಆ ಆಸೆ ಬಹುಪಾಲು ತಣ್ಣಗಾಗುತ್ತದೆ. ಉಳಿದದ್ದಕ್ಕೆ, ದಿನಕ್ಕೆ ಐದಾರು ನೋಟ್‌ಬುಕ್ಕುಗಳನ್ನು ಆರಿಸಿ, ಒಂದು ಲೆಕ್ಕವನ್ನು ಬಾಯಿಬಿಟ್ಟು ವಿವರಿಸಲು ಹೇಳಿದರಾಯಿತು. ಹಲವರು ‘ದಶಕ’ ಎಂದೇ ಬರೆದಿದ್ದರೆ ಮರುದಿನದ ಪಾಠ ಯಾವುದೆಂದು ಬೇರೆ ಯೋಚಿಸಬೇಕಿಲ್ಲ.

ನಲಿ-ಕಲಿ ತರಗತಿಯ, ಅಂದರೆ ಒಂದರಿಂದ ಮೂರನೆಯ ತರಗತಿಯವರೆಗಿನ, ಚಿಕ್ಕವರಿಗೆ ಪಟ್ಟಿ, ಪೆನ್ನು ಯಾವುದೂ ಬೇಡ. ಹುಣಸೆಬೀಜಗಳನ್ನು ಮತ್ತೊಮ್ಮೆ ಎಣಿಸಿ ನೋಡಿದರೆ ಅದೇ ಅವರ ತಾಳೆ.