ಕಡಿಮೆ ಕಾರ್ಬ್ ಆಹಾರಕ್ರಮ: ಮೊದಲ ತಿಂಗಳ ಹುರುಪು ಇಳಿದ ಮೇಲೂ ಮುಂದುವರಿಸುವುದು ಹೇಗೆ?

ಅನ್ನ, ರೊಟ್ಟಿ, ಸಿಹಿಗಳಲ್ಲಿ ಹೆಚ್ಚಾಗಿರುವ ಕಾರ್ಬೋಹೈಡ್ರೇಟ್ (ಕಾರ್ಬ್) ತಗ್ಗಿಸುವ ಆಹಾರಕ್ರಮದಲ್ಲಿ ಉತ್ಸಾಹ ಕುಗ್ಗುವುದಕ್ಕೆ ಮನೋಬಲದ ಕೊರತೆಯೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಬಹಳಷ್ಟು ಸಲ ಅದಕ್ಕೆ ಕಾರಣವಾಗುವುದು ಮೊದಲ ವಾರ ಹುಟ್ಟಿಸುವ ತಪ್ಪು ನಿರೀಕ್ಷೆ. ನಮ್ಮ ದೇಹವು ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಹಾಗೂ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ ಅನ್ನು, ಅಂದರೆ ಕಾರ್ಬ್‌ನಿಂದ ತಯಾರಾಗುವ ಶಕ್ತಿಯ ದಾಸ್ತಾನನ್ನು, ಕೂಡಿಟ್ಟುಕೊಂಡಿರುತ್ತದೆ. ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರೂ ಸೇರಿರುತ್ತದೆ. ಕಾರ್ಬ್ ತಗ್ಗಿಸಿದಾಗ ಈ ದಾಸ್ತಾನು ಕರಗಿ ನೀರು ಹೊರಹೋಗುವುದರಿಂದ ಕೆಲವೇ ದಿನಗಳಲ್ಲಿ ಒಂದೆರಡು ಕಿಲೋ ಇಳಿದಂತೆ ಕಾಣುತ್ತದೆ. ಕೊಬ್ಬು ಕರಗುವ ವೇಗ ಅದಕ್ಕಿಂತ ಬಹಳ ನಿಧಾನ. ಮೊದಲ ವಾರದ ಅಂಕಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡವರಿಗೆ ಮುಂದಿನ ಪ್ರತಿಯೊಂದು ವಾರವೂ ಸೋಲಿನಂತೆ ತೋರುತ್ತದೆ.

ಇದೇ ಲೆಕ್ಕ ತಿರುಗುಮುರುಗಾಗಿಯೂ ನಡೆಯುತ್ತದೆ. ಒಂದು ಔತಣದಲ್ಲಿ ಸಿಹಿಯನ್ನೂ ಧಾನ್ಯದ ಅಡುಗೆಯನ್ನೂ ಧಾರಾಳವಾಗಿ ಉಂಡವರ ದೇಹದಲ್ಲಿ 300 ಗ್ರಾಂ ಗ್ಲೈಕೋಜನ್ ಮರಳಿ ತುಂಬಿತೆಂದುಕೊಳ್ಳೋಣ. ಅದರೊಂದಿಗೆ ಸುಮಾರು 900 ಗ್ರಾಂ ನೀರೂ ಸೇರಿ, ತಕ್ಕಡಿಯ ಮುಳ್ಳು ಒಂದು ಕಿಲೋಗೂ ಹೆಚ್ಚು ಮೇಲೇರುತ್ತದೆ. ಅಷ್ಟು ತೂಕದ ಕೊಬ್ಬು ಬೆಳೆಯಬೇಕಾದರೆ ಸುಮಾರು 9,000 ಕ್ಯಾಲೊರಿ ಹೆಚ್ಚುವರಿಯಾಗಿ ತಿಂದಿರಬೇಕು. ಒಂದು ಊಟದಲ್ಲಿ ಅದು ಆಗುವ ಮಾತಲ್ಲ. ಆದ್ದರಿಂದ ನಿತ್ಯವೂ ತೂಕ ನೋಡುವವರು ಆ ದಿನದ ಅಂಕಿಯನ್ನು ಬರೆದಿಟ್ಟು ಮರೆತುಬಿಡಬೇಕು, ಏಳು ದಿನಗಳ ಸರಾಸರಿಯನ್ನು ಮಾತ್ರ ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸಬೇಕು. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆಯನ್ನು ಟೇಪಿನಿಂದ ಅಳೆಯುವುದು ಇನ್ನೂ ಒಳ್ಳೆಯದು, ಏಕೆಂದರೆ ತೂಕ ನಿಂತಲ್ಲೇ ನಿಂತಾಗಲೂ ಅಳತೆ ತಗ್ಗುತ್ತಿರುವುದುಂಟು.

ಎಷ್ಟು ಕಾರ್ಬ್ ತಿನ್ನಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ, ಎಷ್ಟನ್ನು ವರ್ಷಗಟ್ಟಲೆ ಪಾಲಿಸಲು ಸಾಧ್ಯ ಎಂಬುದನ್ನೇ ಮೊದಲು ಕೇಳಿಕೊಳ್ಳಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು 609 ಮಂದಿಯ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಕಾರ್ಬ್ ಗುಂಪಿನವರು ದಿನಕ್ಕೆ 20 ಗ್ರಾಂ ಮಟ್ಟಕ್ಕೆ ಇಳಿಯಲು ಪ್ರಯತ್ನಿಸಿ, ಬಳಿಕ ತಮಗೆ ಬಹುಕಾಲ ಒಗ್ಗುವಷ್ಟನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿಕೊಳ್ಳಬೇಕಿತ್ತು. ವರ್ಷದ ಕೊನೆಗೆ ಅವರ ಸರಾಸರಿ ಸೇವನೆ ಸುಮಾರು 130 ಗ್ರಾಂ ಆಗಿತ್ತು, ಆದರೂ ಅವರು ಸರಾಸರಿ 6 ಕಿಲೋ ಇಳಿಸಿದ್ದರು. ಕಡಿಮೆ ಕೊಬ್ಬಿನ ಆಹಾರ ತಿಂದ ಗುಂಪಿನವರು ಇಳಿಸಿದ್ದು 5.3 ಕಿಲೋ, ಈ ಅಂತರ ಗಣನೀಯವೇನಲ್ಲ. ಹಾಗಾಗಿ ಕಾರ್ಬ್ ತ್ಯಜಿಸುವುದನ್ನು ವ್ರತವೆಂದು ಭಾವಿಸುವ ಅಗತ್ಯವಿಲ್ಲ. 20 ಗ್ರಾಂ ಹಟಕ್ಕೆ ಬಿದ್ದು ಆರು ವಾರಕ್ಕೆ ಎಲ್ಲವನ್ನೂ ಬಿಟ್ಟುಬಿಡುವುದಕ್ಕಿಂತ 100 ಗ್ರಾಮಿನಲ್ಲಿ ಎರಡು ವರ್ಷ ನಡೆಯುವುದು ಮೇಲೆಂದು ನನ್ನ ಅಭಿಪ್ರಾಯ.

ದಿನನಿತ್ಯದ ಕಷ್ಟದ ಗಳಿಗೆಗಳಿಗೆ ಉತ್ತರವನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಬೇಕು. ‘ಸಂಜೆ ತಿನಿಸು ಕಡಿಮೆ ಮಾಡುತ್ತೇನೆ’ ಎಂಬ ಸಂಕಲ್ಪ ಹಸಿದ ಹೊಟ್ಟೆಯ ಮುಂದೆ ನಿಲ್ಲುವುದಿಲ್ಲ. ‘ಸಂಜೆ ಬಂದೊಡನೆ ಹಸಿವಾದರೆ, ಬೆಳಿಗ್ಗೆಯೇ ಬೇಯಿಸಿಟ್ಟ ಮೊಟ್ಟೆಯನ್ನು ತಿನ್ನುತ್ತೇನೆ’ ಎಂಬ ನಿರ್ಧಾರ ನಿಲ್ಲುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ಯೋಚಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಬಿಸ್ಕತ್ತಿನ ಡಬ್ಬ ಮನೆಯಲ್ಲೇ ಇಲ್ಲದಿದ್ದರಂತೂ ಮನಸ್ಸಿನೊಂದಿಗೆ ವಾದ ಮಾಡುವ ಶ್ರಮವೂ ತಪ್ಪುತ್ತದೆ.

ನಿಯಮ ತಪ್ಪುವ ದಿನಗಳು ಬಂದೇ ಬರುತ್ತವೆ. ಹಾನಿ ಹೆಚ್ಚಾಗುವುದು ತಿಂದ ಒಂದು ತುಂಡು ಕೇಕಿನಿಂದಲ್ಲ, ‘ಹೇಗೂ ಕೆಟ್ಟಿತು, ಸೋಮವಾರದಿಂದ ನೋಡೋಣ’ ಎಂದು ನಡುವಿನ ನಾಲ್ಕು ದಿನಗಳನ್ನೂ ಕೈಬಿಡುವುದರಿಂದ. ಮರುದಿನ ಉಪವಾಸವಿದ್ದು ಪ್ರಾಯಶ್ಚಿತ್ತ ಮಾಡಿಕೊಳ್ಳುವುದೂ ಬೇಡ; ಮುಂದಿನ ಊಟವನ್ನು ಎಂದಿನಂತೆ ಮಾಡಿದರೆ ಸಾಕು.

ಆರಂಭದ ತಲೆನೋವು, ಸುಸ್ತುಗಳನ್ನು ಕೂಡ ಅನೇಕರು ‘ಇದು ನನಗೆ ಆಗಿಬರುವುದಿಲ್ಲ’ ಎಂಬುದರ ಸೂಚನೆಯೆಂದು ತಿಳಿಯುತ್ತಾರೆ. ಕಾರ್ಬ್ ಕಡಿಮೆಯಾಗಿ ಇನ್ಸುಲಿನ್ ಮಟ್ಟ ತಗ್ಗಿದಾಗ ಮೂತ್ರಪಿಂಡಗಳು ಉಪ್ಪಿನಲ್ಲಿರುವ ಸೋಡಿಯಂ ಅನ್ನು ಹೆಚ್ಚು ಹೊರಹಾಕುವುದು ಇದಕ್ಕೊಂದು ಮುಖ್ಯ ಕಾರಣ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ನೀರು ಮತ್ತು ತುಸು ಉಪ್ಪಿನಿಂದ ಸಾಮಾನ್ಯವಾಗಿ ಆರಾಮವಾಗುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಕಾರ್ಬ್ ತಗ್ಗಿಸಲೇಬಾರದು, ಏಕೆಂದರೆ ಹಳೆಯ ಪ್ರಮಾಣದ ಔಷಧದಿಂದಲೇ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.

ವಾರದ ಸರಾಸರಿಯೇ ಒಂದು ತಿಂಗಳು ಕದಲದಿದ್ದರೆ, ಮೊದಲು ನೋಡಬೇಕಾದದ್ದು ಕೊಬ್ಬಿನ ಪ್ರಮಾಣವನ್ನು. ಒಂದು ಗ್ರಾಂ ಕಾರ್ಬ್‌ನಲ್ಲಿ 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಕೊಬ್ಬಿನಲ್ಲಿ 9 ಇರುತ್ತದೆ. ಕಾರ್ಬ್ ಇಲ್ಲವೆಂಬ ಧೈರ್ಯದಿಂದ ಬಾದಾಮಿ, ಚೀಸ್‌ಗಳು ಹಿಡಿಗಟ್ಟಲೆ ಒಳಗೆ ಹೋಗುತ್ತಿರಬಹುದು. ಅಲ್ಲಿಯೂ ಲೋಪ ಕಾಣದಿದ್ದರೆ, ಹಗುರವಾದ ದೇಹಕ್ಕೆ ಈಗ ಬೇಕಾಗುವ ಶಕ್ತಿಯೇ ಕಡಿಮೆಯಾಗಿದೆ ಎಂದರ್ಥ. ಆಗ ಇನ್ನಷ್ಟು ಬಿಗಿ ಮಾಡಲು ಆತುರಪಡದೆ, ಎರಡು ಮೂರು ತಿಂಗಳು ಇಳಿದ ತೂಕವನ್ನು ಏರದಂತೆ ಉಳಿಸಿಕೊಳ್ಳುವುದನ್ನೇ ಗುರಿಯಾಗಿಸಿಕೊಂಡು, ಬಳಿಕ ಮುಂದಿನ ಇಳಿಕೆಯ ಬಗ್ಗೆ ನಿರ್ಧರಿಸಬಹುದು.